ಪೇಪರ್ ಹಾಕುವ ಮುನ್ನ: ಕೆಲಸ ಬಿಡಲೇ, ಇರಲೇ ಎನ್ನುವವರಿಗೆ ಹತ್ತು ಸೂತ್ರ

ಬೆಳಿಗ್ಗೆ ಎಂಟೂವರೆಗೆ ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣದಲ್ಲಿ ನಿಂತು ನೋಡಿ. ವೈಟ್‌ಫೀಲ್ಡ್ ಕಡೆಯ ರೈಲಿಗೆ ಕಾಯುವವರಲ್ಲಿ ಎಷ್ಟೋ ಮಂದಿ ಆಗಲೇ ಮೊಬೈಲಿನಲ್ಲಿ ಆಫೀಸಿಗೆ ಉತ್ತರ ಕೊಡುತ್ತಿರುತ್ತಾರೆ. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊದ ಮೊದಲ ಮಾರ್ಗ ಶುರುವಾದದ್ದು ಇಲ್ಲಿಂದ ಎಂ.ಜಿ. ರಸ್ತೆಗೆ. 2023ರ ಅಕ್ಟೋಬರ್ 9ಕ್ಕೆ ಕೆ.ಆರ್. ಪುರದ ಕೊಂಡಿಯೂ ಕೂಡಿಕೊಂಡು ವೈಟ್‌ಫೀಲ್ಡ್‌ವರೆಗೆ ದಾರಿ ಸಲೀಸಾಯಿತು. ದಾರಿಯ ಕಷ್ಟ ಕಡಿಮೆಯಾಯಿತು, ಆಫೀಸಿನದು ಆಗಲಿಲ್ಲ. ಕಗ್ಗದಾಸಪುರ, ನಾಗವಾರಪಾಳ್ಯದ ಪಿ.ಜಿ.ಗಳಲ್ಲಿ ರಾತ್ರಿ ಹನ್ನೊಂದಕ್ಕೂ ಲ್ಯಾಪ್‌ಟಾಪ್ ಮುಚ್ಚಲಾಗದೆ, ‘ನಾಳೆಯೇ ಪೇಪರ್ ಹಾಕಿಬಿಡಲೇ’ ಎಂದುಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

1. ಹೊರೆ ಹೆಚ್ಚಾಗಿದೆಯೋ, ಆಸರೆ ಇಲ್ಲವೋ ನೋಡಿಕೊಳ್ಳಿ

ಎರಡೂ ಬೇರೆ ಬೇರೆ. ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ಒಂದು ಮಾತು ಹೇಳಿದರು: ಕೆಲಸದ ಒತ್ತಡ ಒಂದೇ ಮನುಷ್ಯನನ್ನು ಕೆಡಿಸುವುದಿಲ್ಲ, ಒತ್ತಡವೂ ಹೆಚ್ಚಿದ್ದು ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಾಗ ಅವನು ಕುಸಿಯುತ್ತಾನೆ. ಮುಂದಿನ ಸಂಶೋಧಕರು ಇದಕ್ಕೆ ಮೂರನೆಯದನ್ನು ಸೇರಿಸಿದರು, ಅದು ಬೆಂಬಲ. ತಿಂಗಳುಗಟ್ಟಲೆ ಹನ್ನೆರಡು ಗಂಟೆ ದುಡಿದೂ ನಗುತ್ತಿರುವ ತಂಡಗಳಿವೆ. ಎಂಟೇ ಗಂಟೆಯಲ್ಲಿ ಹಣ್ಣಾಗುವವರೂ ಇದ್ದಾರೆ. ನಿಮಗೆ ನೀವೇ ಕೇಳಿಕೊಳ್ಳಿ: ಕಳೆದ ಸಲ ನಾನು ಸಿಕ್ಕಿಹಾಕಿಕೊಂಡಾಗ ನನ್ನ ಜೊತೆ ಯಾರು ನಿಂತರು? ಒಂದು ಹೆಸರೂ ನೆನಪಾಗದಿದ್ದರೆ ನಿಮಗಿರುವುದು ಆಸರೆಯ ಕೊರತೆ. ಹೊರೆ ಮುಂದಿನ ತಿಂಗಳು ಇಳಿಯಬಹುದು. ಆಸರೆ ತಾನಾಗಿ ಹುಟ್ಟುವುದಿಲ್ಲ.

2. ದಣಿದಾಗ ತೀರ್ಮಾನ ಬೇಡ

ಶುಕ್ರವಾರ ರಾತ್ರಿ ಬರೆದ ರಾಜೀನಾಮೆಯನ್ನು ಡ್ರಾಫ್ಟ್‌ನಲ್ಲೇ ಇಡಿ. ನಾಲ್ಕು ದಿನ ರಜೆ ಹಾಕಿ. ಇಲ್ಲೇ ಪಕ್ಕದಲ್ಲಿ, 2022ರ ಜೂನ್‌ನಲ್ಲಿ ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಇದೆ. ಮುರುಡೇಶ್ವರದ ರೈಲು ಅಲ್ಲಿಂದಲೇ ಹೊರಡುತ್ತದೆ. ಆಫೀಸಿನ ಫೋನ್ ಬಿಟ್ಟು ಹೋಗಿ. ನಿದ್ದೆ ಮಾಡಿ ಬಂದ ಮೇಲೆ ಕೆಲಸ ಮತ್ತೆ ರುಚಿಸಿದರೆ ನಿಮಗೆ ಬೇಕಾಗಿದ್ದದ್ದು ವಿಶ್ರಾಂತಿ. ವಾಪಸು ಬರುವ ದಿನ ಹತ್ತಿರವಾದಂತೆ ಹೊಟ್ಟೆಯಲ್ಲಿ ಸಂಕಟವಾದರೆ ಮುಂದಿನ ಸೂತ್ರಕ್ಕೆ ಬನ್ನಿ.

3. ಬರೆದು ಕೇಳಿ

ಹೆಚ್ಚಿನವರು ಈ ಹೆಜ್ಜೆಯನ್ನೇ ಇಡುವುದಿಲ್ಲ. ಕ್ಯಾಂಟೀನಿನಲ್ಲಿ ಗೊಣಗುತ್ತಾರೆ, ಮನೆಯಲ್ಲಿ ಸಿಡುಕುತ್ತಾರೆ, ಮ್ಯಾನೇಜರ್ ಎದುರು ‘ಪರವಾಗಿಲ್ಲ ಸರ್, ಮಾಡ್ತೀನಿ’ ಎನ್ನುತ್ತಾರೆ. ನಮ್ಮಲ್ಲಿ ಮೇಲಿನವರಿಗೆ ಆಗುವುದಿಲ್ಲ ಎನ್ನುವುದು ಉದ್ಧಟತನ ಎಂಬ ಭಾವನೆ ಆಳವಾಗಿದೆ. ಆದ್ದರಿಂದ ‘ಆಗುವುದಿಲ್ಲ’ ಎನ್ನದೆ ಆಯ್ಕೆಯನ್ನು ಅವರ ಮುಂದಿಡಿ. ಇ-ಮೇಲ್ ಹೀಗಿರಲಿ:

“ಈಗ ನನ್ನ ಬಳಿ ನಾಲ್ಕು ಕೆಲಸಗಳಿವೆ. ಶುಕ್ರವಾರದೊಳಗೆ ಎರಡನ್ನು ಚೆನ್ನಾಗಿ ಮುಗಿಸಬಲ್ಲೆ. ಯಾವ ಎರಡು ಮೊದಲು ಆಗಬೇಕು ಎಂದು ತಿಳಿಸಿ. ನಾಲ್ಕೂ ಆಗಲೇಬೇಕಿದ್ದರೆ ಇನ್ನೊಬ್ಬರ ನೆರವು ಬೇಕು. ಗುರುವಾರ ಹದಿನೈದು ನಿಮಿಷ ಮಾತಾಡೋಣವೇ?”

ದೂರಿಲ್ಲ, ಅಳಲಿಲ್ಲ, ಕೆಲಸ, ಗಡುವು ಮತ್ತು ಕೋರಿಕೆ ಮಾತ್ರ. ಒಳ್ಳೆಯ ಮ್ಯಾನೇಜರ್ ಇದನ್ನು ಓದಿ ನಿರಾಳವಾಗುತ್ತಾನೆ, ಏಕೆಂದರೆ ಅವನಿಗೂ ನಿಜಸ್ಥಿತಿ ಗೊತ್ತಿರುವುದಿಲ್ಲ. ಉತ್ತರವೇ ಬಾರದಿದ್ದರೆ ಅದೂ ಉತ್ತರವೇ. ಜೊತೆಗೆ, ದಿನವೂ ಎಷ್ಟು ಗಂಟೆ ದುಡಿದಿರಿ ಎಂದು ಗುರುತು ಹಾಕಿಕೊಳ್ಳಿ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಸಾಮಾನ್ಯ ನೌಕರರಿಗೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ. 2024ರ ಜುಲೈನಲ್ಲಿ ಐಟಿ ವಲಯದಲ್ಲಿ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಗಟ್ಟಿಯಾಗಿ ವಿರೋಧಿಸಿತು. ಒಬ್ಬರೇ ಕೇಳುವುದು ಕಷ್ಟವಾದರೆ ಜೊತೆಯಾಗಿ ಕೇಳುವ ದಾರಿಯೂ ಇದೆ.

4. ಆರು ವಾರದ ಗಡುವು ಹಾಕಿಕೊಳ್ಳಿ

ಕ್ಯಾಲೆಂಡರ್‌ನಲ್ಲಿ ದಿನಾಂಕ ಗುರುತಿಸಿ. ಅಷ್ಟರಲ್ಲಿ ಏನು ಬದಲಾದರೆ ಉಳಿಯುತ್ತೀರಿ ಎಂಬುದನ್ನು ಈಗಲೇ ಬರೆದಿಡಿ: ಒಬ್ಬ ಸಹಾಯಕ, ಒಂದು ಪ್ರಾಜೆಕ್ಟ್ ಕಡಿತ, ಭಾನುವಾರ ಕರೆ ಇಲ್ಲ. ‘ನೋಡೋಣ’, ‘ಮುಂದಿನ ಅಪ್ರೈಸಲ್‌ನಲ್ಲಿ’ ಎಂಬ ಮಾತುಗಳನ್ನು ಬದಲಾವಣೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

5. ಕೆಲವಕ್ಕೆ ಗಡುವೇ ಬೇಡ

ಸುಳ್ಳು ಲೆಕ್ಕಕ್ಕೆ ಸಹಿ ಹಾಕು ಎಂದರೆ ಕಾಯಬೇಡಿ. ಲೈಂಗಿಕ ಕಿರುಕುಳವಾದರೂ ಅಷ್ಟೇ: 2013ರ ಕಾಯ್ದೆಯ ಪ್ರಕಾರ ಹತ್ತು ಮತ್ತು ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಮಹಿಳೆಯರು ಮೂರು ತಿಂಗಳೊಳಗೆ ದೂರು ಕೊಡಬೇಕು. ಎದೆ ಹಿಡಿದಂತಾದರೆ, ನಿದ್ದೆ ಪೂರ್ತಿ ಹೋದರೆ, ಬದುಕೇ ಬೇಡ ಅನಿಸಿದರೆ ಮೊದಲು ವೈದ್ಯರ ಬಳಿ ಹೋಗಿ. 2024ರ ಜುಲೈನಲ್ಲಿ ಪುಣೆಯಲ್ಲಿ ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾಗಿದ್ದ 26 ವರ್ಷದ ಚಾರ್ಟರ್ಡ್ ಅಕೌಂಟೆಂಟ್ ತೀರಿಕೊಂಡರು. ದುಡಿಮೆಯ ಹೊರೆಯೇ ಮಗಳನ್ನು ಬಲಿ ತೆಗೆದುಕೊಂಡಿತು ಎಂದು ತಾಯಿ ಕಂಪನಿಯ ಮುಖ್ಯಸ್ಥರಿಗೆ ಬರೆದ ಪತ್ರವನ್ನು ದೇಶವೇ ಓದಿತು. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ; ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿಯಾದರೂ ಸರಿ.

6. ದುಡ್ಡಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿ

ಬಾಡಿಗೆ, ಊಟ, ಇಎಂಐ, ಊರಿಗೆ ಕಳಿಸುವ ಹಣ ಕೂಡಿಸಿ ಆರರಿಂದ ಗುಣಿಸಿ. ಅಷ್ಟು ಕೈಯಲ್ಲಿರಲಿ. ಮನೆ ಅಡ್ವಾನ್ಸ್ ಸೇರಿಸಬೇಡಿ, ಅದು ಮನೆ ಖಾಲಿ ಮಾಡಿದಾಗಲೇ ಬರುವುದು. ಪಿ.ಎಫ್. ಮುಟ್ಟಬೇಡಿ; ಹೊಸ ಕಂಪನಿಗೆ ವರ್ಗಾಯಿಸಿಕೊಳ್ಳಿ. ಐದು ವರ್ಷದೊಳಗೆ ತೆಗೆದರೆ ತೆರಿಗೆ ಬೀಳಬಹುದು, ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು.

ಕಾಯಂ ನೌಕರರು ಗ್ರಾಚ್ಯುಟಿಗೆ ಸತತ ಐದು ವರ್ಷ ದುಡಿದಿರಬೇಕು. ಕೊನೆಯ ಮೂಲ ವೇತನ ಮತ್ತು ಡಿಎ ಸೇರಿ ತಿಂಗಳಿಗೆ 26,000 ರೂಪಾಯಿ ಇದ್ದರೆ ವರ್ಷಕ್ಕೆ 15,000ದಂತೆ ಐದು ವರ್ಷಕ್ಕೆ 75,000 ಬರುತ್ತದೆ. ನಾಲ್ಕು ವರ್ಷ ಹತ್ತು ತಿಂಗಳಾಗಿದೆ, ಆರೋಗ್ಯ ನೆಟ್ಟಗಿದೆ ಎಂದಾದರೆ ಎರಡು ತಿಂಗಳು ಹಲ್ಲು ಕಚ್ಚಿಕೊಂಡಿರುವುದು ಲೇಸು. ಆರೋಗ್ಯ ಕೆಟ್ಟಿದ್ದರೆ ಆ ಹಣ ಆಸ್ಪತ್ರೆಗೇ ಹೋಗುತ್ತದೆ, ಹೊರಡಿ. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಅಪ್ಪ-ಅಮ್ಮನ ಹೆಸರೂ ಅದರಲ್ಲಿದ್ದರೆ ಬೇರೆ ಪಾಲಿಸಿ ಮೊದಲೇ ಮಾಡಿಸಿ.

7. ಆಫರ್ ಲೆಟರ್ ತೆಗೆದು ಓದಿ

ನೋಟಿಸ್ 30 ದಿನವೋ 90 ದಿನವೋ? ಬಾಂಡ್ ಇದೆಯೇ? ‘ಬಾಂಡೆಲ್ಲ ಕೋರ್ಟಿನಲ್ಲಿ ನಿಲ್ಲಲ್ಲ’ ಎಂಬ ಗೆಳೆಯರ ಮಾತು ನಂಬಬೇಡಿ. ವಿಜಯಾ ಬ್ಯಾಂಕಿನ ಒಬ್ಬ ಅಧಿಕಾರಿ ಮೂರು ವರ್ಷದ ಕರಾರು ಮುಗಿಯುವ ಮೊದಲೇ 2009ರಲ್ಲಿ ರಾಜೀನಾಮೆ ಕೊಟ್ಟು 2 ಲಕ್ಷ ರೂಪಾಯಿ ಕಟ್ಟಬೇಕಾಯಿತು. ಕರ್ನಾಟಕ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಆ ಕರಾರು ಸರಿ ಎಂದಿತು. ಎಲ್ಲ ಬಾಂಡೂ ನ್ಯಾಯವಲ್ಲ ನಿಜ. ನಿಮ್ಮದನ್ನು ವಕೀಲರಿಗೆ ಒಮ್ಮೆ ತೋರಿಸಿ.

8. ಹೊಸ ಕಡೆ ಅದೇ ಕಥೆ ಬೇಡ

ಸಂದರ್ಶನದಲ್ಲಿ ಎರಡು ಪ್ರಶ್ನೆ ಕೇಳಿ: ಈ ಜಾಗದಲ್ಲಿ ಮೊದಲು ಇದ್ದವರು ಯಾಕೆ ಬಿಟ್ಟರು? ಕೆಲಸ ತಡವಾದಾಗ ತಂಡದಲ್ಲಿ ಏನು ಮಾಡುತ್ತೀರಿ? ಸಂಬಳ ಸ್ವಲ್ಪ ಕಡಿಮೆಯಾದರೂ ಉತ್ತರ ನೇರವಾಗಿ ಬಂದ ಕಡೆಗೇ ಹೋಗಿ ಎನ್ನುವುದು ನನ್ನ ಸಲಹೆ.

9. ಬಿಡುವಾಗ ಅಚ್ಚುಕಟ್ಟಾಗಿ ಬಿಡಿ

ಕೆಲಸ ವಹಿಸಿಕೊಟ್ಟದ್ದಕ್ಕೆ ದಾಖಲೆ ಇರಲಿ. ಸಂಬಳ ಚೀಟಿ, ಫಾರಂ 16, ಅನುಭವ ಪತ್ರ ತಪ್ಪದೆ ಪಡೆಯಿರಿ. ಬೈದು ಹೊರಬರಬೇಡಿ.

10. ಮನೆಯವರಿಗೂ ಒಂದು ಮಾತು

ಕೆಲಸ ಬಿಡುತ್ತೇನೆ ಎಂದರೆ ಹಿರಿಯರು ಹೌಹಾರುತ್ತಾರೆ. ಅವರ ಭಯ ಸುಳ್ಳಲ್ಲ. ಇದೇ ಬೈಯಪ್ಪನಹಳ್ಳಿಯಲ್ಲಿ, ಹಳೇ ಮದ್ರಾಸು ರಸ್ತೆಯ ಬದಿಗೆ, ಜರ್ಮನಿಯ ಎಇಜಿ ಸಹಯೋಗದಲ್ಲಿ 1960ರ ದಶಕದಲ್ಲಿ ಎದ್ದ ಎನ್‌ಜಿಇಎಫ್ ಕಾರ್ಖಾನೆ ಇತ್ತು. ಅಲ್ಲಿ ಕೆಲಸ ಸಿಕ್ಕಿತೆಂದರೆ ಬದುಕು ದಡ ಸೇರಿತು ಎಂದು ಜನ ನಂಬಿದ್ದರು. ಟ್ರಾನ್ಸ್‌ಫಾರ್ಮರ್, ಮೋಟಾರು ಮಾಡುತ್ತಿದ್ದ ಆ ಕಾರ್ಖಾನೆ 2000ದ ದಶಕದ ಆರಂಭದಲ್ಲಿ ಬಾಗಿಲು ಹಾಕಿತು. ಗಟ್ಟಿ ಕೆಲಸವೂ ಹೋಗಬಹುದು ಎಂದು ಕಂಡ ಊರು ಇದು. ಆ ಕುಟುಂಬಗಳನ್ನು ಸಲಹಿದ್ದು ಕೈಯಲ್ಲಿದ್ದ ಕಸುಬು, ಮನೆಯ ಒಗ್ಗಟ್ಟು.

ಆದ್ದರಿಂದ ತಂದೆತಾಯಿಗಳಲ್ಲಿ ನನ್ನ ಕೋರಿಕೆ: ಮಗ ಅಥವಾ ಮಗಳು ಕೆಲಸ ಬಿಟ್ಟು ಬಂದರೆ ಮೊದಲು ಊಟಕ್ಕೆ ಬಡಿಸಿ, ಮಲಗಲು ಬಿಡಿ. ‘ಮುಂದೇನು’ ಎಂಬ ಪ್ರಶ್ನೆಯನ್ನು ಒಂದು ವಾರ ಕೇಳಬೇಡಿ.