ಮನೆಯಲ್ಲೇ ಮಗುವಿನ ಹುಟ್ಟುಹಬ್ಬ

ಬೆನ್ಸನ್ ಟೌನಿನ ದೊಡ್ಡ ಮನೆಗಳು ನಮಗೆ ಗೊತ್ತು. ನಮ್ಮಲ್ಲಿ ಹಲವರು ಅಲ್ಲಿ ಪಾತ್ರೆ ತೊಳೆಯುತ್ತೇವೆ, ಅಡುಗೆ ಮಾಡುತ್ತೇವೆ. ಅಲ್ಲಿನ ಮಕ್ಕಳ ಹುಟ್ಟುಹಬ್ಬವನ್ನೂ ನೋಡಿದ್ದೇವೆ. ದೊಡ್ಡ ಕೇಕು, ಬಾಗಿಲ ತುಂಬ ಬಲೂನು, ಮ್ಯಾಜಿಕ್ ಮಾಡುವವರು. ಕೆಲಸ ಮುಗಿಸಿ, ಒಂದು ತುಂಡು ಕೇಕು ಕಾಗದದಲ್ಲಿ ಸುತ್ತಿಕೊಂಡು ಬರುತ್ತೇವೆ. ಮಗು ಕೇಳುತ್ತದೆ: "ಅಮ್ಮಾ, ನನ್ನ ಬರ್ತ್‌ಡೇನೂ ಹಿಂಗೇ ಮಾಡ್ತೀಯಾ?"

ಇಲ್ಲ ಅನ್ನೋಕೆ ಬಾಯಿ ಬರಲ್ಲ. ಸಾಲ ಮಾಡಿಯಾದರೂ ಮಾಡೋಣ ಅನ್ನಿಸುತ್ತದೆ.

ಮೊದಲು ಒಂದು ಲೆಕ್ಕ ಹಾಕೋಣ. 5,000 ರೂಪಾಯಿ ಸಾಲ ತಂದೆವು. ತಿಂಗಳಿಗೆ ನೂರಕ್ಕೆ 5 ರೂಪಾಯಿ ಬಡ್ಡಿ. ತಿಂಗಳ ಬಡ್ಡಿ 250 ರೂಪಾಯಿ. 12 ತಿಂಗಳಿಗೆ 3,000 ರೂಪಾಯಿ. ಅಸಲು 5,000 ಹಾಗೇ ಉಳಿದಿರುತ್ತದೆ. ಅಷ್ಟರಲ್ಲಿ ಮತ್ತೊಂದು ಹುಟ್ಟುಹಬ್ಬ ಬಂದಿರುತ್ತದೆ.

ಮಗುವಿಗೆ ಬೇಕಾದ್ದೇನು? ಜೊತೆಗಾರರು, ಆಟ, ಸಿಹಿ. ಅವತ್ತು ಅಮ್ಮ ಸಿಡುಕದೆ ಜೊತೆಗಿರಬೇಕು. ಇಷ್ಟಕ್ಕೆ ಸಾಲ ಬೇಕಿಲ್ಲ.

ಎಂಟು ಹತ್ತು ಮಕ್ಕಳು ಸಾಕು. ಒಂದೇ ಕೋಣೆಯ ಮನೆಯಾದರೆ ಇನ್ನೂ ಕಡಿಮೆ ಕರೆಯೋಣ. "ಅವರನ್ನ ಕರೆದು ಇವರನ್ನ ಬಿಟ್ರೆ ಏನಂದ್ಕೋತಾರೆ?" ಇದೇ ನಮಗೆ ದೊಡ್ಡ ತಲೆನೋವು. "ಇದು ಮಕ್ಕಳ ಹಬ್ಬ ಕಣಕ್ಕಾ, ಮಕ್ಕಳನ್ನಷ್ಟೇ ಕರೆದಿದೀವಿ" ಎಂದು ನಗುತ್ತಾ ಹೇಳಿದರಾಯಿತು. ಬೇಜಾರು ಮಾಡಿಕೊಂಡರೂ ಎರಡು ದಿನ, ಅಷ್ಟೇ.

ಭಾನುವಾರ ಸಂಜೆ 4ರಿಂದ 6 ಗಂಟೆ ಒಳ್ಳೆಯ ಹೊತ್ತು. ಊಟ ಹಾಕಬೇಕಿಲ್ಲ, ತಿಂಡಿ ಸಾಕು. ಅಕ್ಕಪಕ್ಕದಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು ಮಾತಾಡುವ ಮಕ್ಕಳಿದ್ದಾರೆ. ಎಲ್ಲರೂ ತಿನ್ನುವಂಥದ್ದು ಮಾಡೋಣ.

ಕೇಸರಿಬಾತ್ ಆಗಬಹುದು. ಒಂದು ಲೋಟ ರವೆ, ಮೂರು ಲೋಟ ನೀರು, ಒಂದೂವರೆ ಲೋಟ ಸಕ್ಕರೆ. ರವೆಯನ್ನು ತುಪ್ಪದಲ್ಲಿ ಘಮ್ಮೆನ್ನುವ ತನಕ ಹುರಿಯಿರಿ. ಕುದಿಯುವ ನೀರಿಗೆ ಸುರಿದು ಬೇಯಿಸಿ. ರವೆ ಬೆಂದ ಮೇಲೆಯೇ ಸಕ್ಕರೆ ಹಾಕಿ. ಮೊದಲೇ ಹಾಕಿದರೆ ರವೆ ಸರಿಯಾಗಿ ಬೇಯುವುದಿಲ್ಲ. ಅಂಗಡಿ ಬಣ್ಣ ಬೇಡ, ಚಿಟಿಕೆ ಅರಿಶಿನ ಸಾಕು. ಬಾಳೆಹಣ್ಣು ಹಾಕಿದರೆ ರುಚಿ. ಇದನ್ನು ಮಧ್ಯಾಹ್ನವೇ ಮಾಡಿಡಿ. ಮಕ್ಕಳು ಓಡಾಡುವಾಗ ಒಲೆಯ ಮೇಲೆ ಎಣ್ಣೆ ಕಾಯಬಾರದು. ಬಜ್ಜಿ, ಬೋಂಡ ಇನ್ನೊಂದು ದಿನಕ್ಕಿರಲಿ.

ಕಡ್ಲೆಪುರಿಗೆ ಈರುಳ್ಳಿ, ಕ್ಯಾರೆಟ್ ತುರಿ, ಕೊತ್ತಂಬರಿ ಸೊಪ್ಪು ಕಲಸಿದರೆ ಚುರುಮುರಿ. ಕೊಡುವ ಹೊತ್ತಿಗೇ ಕಲಸಿ, ಇಲ್ಲದಿದ್ದರೆ ಮೆತ್ತಗಾಗುತ್ತದೆ. ಕುಡಿಯಲು ನಿಂಬೆ ಪಾನಕ. ನೀರನ್ನು ಕುದಿಸಿ ಆರಿಸಿಕೊಳ್ಳಿ.

ಕೇಕು ಬೇಕೇ ಬೇಕು ಅಂತ ಮಗು ಹಟ ಮಾಡಿದರೆ? ಅರ್ಧ ಕೆ.ಜಿ. ಸಾದಾ ಕೇಕು ತನ್ನಿ. ಮೊಟ್ಟೆ ತಿನ್ನದ ಮನೆಯ ಮಗು ಬರುವುದಾದರೆ ಮೊಟ್ಟೆ ಹಾಕದ್ದು ಕೇಳಿ. ಕೆಂಪು, ನೀಲಿ ಬಣ್ಣ ಬಳಿದದ್ದು ಬೇಡ. 2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಕೇಕುಗಳನ್ನು ಪರೀಕ್ಷಿಸಿತು. 235 ಮಾದರಿಗಳಲ್ಲಿ 12 ಸುರಕ್ಷಿತವಲ್ಲ ಎಂದು ತಿಳಿಯಿತು. ಕಾರಣ ಕೃತಕ ಬಣ್ಣ. ಅದೇ ವರ್ಷ ಬಣ್ಣದ ಬಾಂಬೆ ಮಿಠಾಯಿ ಮಾರುವುದನ್ನೂ ಸರ್ಕಾರ ನಿಷೇಧಿಸಿತು.

ಆಟಕ್ಕೆ ಕಾಸು ಬೇಡ. ಮನೆ ಮುಂದೆ ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಕೆರೆ-ದಡ ಆಡಬಹುದು. "ಕೆರೆ" ಅಂದರೆ ಗೆರೆ ದಾಟಿ ಹಾರಬೇಕು. "ದಡ" ಅಂದರೆ ಹಿಂದಕ್ಕೆ. ತಪ್ಪಿದವರು ಔಟ್. ಕನ್ನಡ ಬಾರದ ಮಗುವೂ ಎರಡೇ ಮಾತು ಕಲಿತು ಆಡುತ್ತದೆ. ಕುಂಟೆಬಿಲ್ಲೆ, ಕಣ್ಣಾಮುಚ್ಚಾಲೆ ಇದ್ದೇ ಇವೆ.

ಕೆಲವು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮೇಲಕ್ಕೆ ಹಾರುವ ಬಲೂನಿನಲ್ಲಿ ಹೊತ್ತಿಕೊಳ್ಳುವ ಗ್ಯಾಸ್ ಇರಬಹುದು. ಮೇಣದ ಬತ್ತಿ ತಗುಲಿದರೆ ಭಗ್ಗೆನ್ನುತ್ತದೆ. ನೊರೆ ಚಿಮ್ಮಿಸುವ ಸ್ಪ್ರೇಗೂ ಬೆಂಕಿ ಹತ್ತುತ್ತದೆ. ಇವೆರಡೂ ಬೇಡ. ಬಾಯಲ್ಲಿ ಊದಿದ ಬಲೂನು ಸಾಕು. ಅದು ಒಡೆದರೆ ಚೂರುಗಳನ್ನು ತಕ್ಷಣ ಆರಿಸಿ ತೆಗೆಯಿರಿ. ಪುಟ್ಟ ಮಕ್ಕಳು ನುಂಗಿದರೆ ಉಸಿರು ಕಟ್ಟುತ್ತದೆ. ಅವರಿಗೆ ಇಡೀ ಕಡ್ಲೆಕಾಯಿ ಬೀಜ, ಗಟ್ಟಿ ಪೆಪ್ಪರಮಿಂಟು ಕೊಡಬಾರದು.

ಕರೆಯೋಲೆ ಅಂಗಡಿಯಿಂದ ತರಬೇಡಿ. ನಾವೀಗ ಬರೆಯಲು ಕಲಿತಿದ್ದೇವಲ್ಲ! ನಮ್ಮ ಹುಟ್ಟಿದ ದಿನ ಕೇಳಿದರೆ ನಮ್ಮ ಅಮ್ಮಂದಿರು, "ಯುಗಾದಿ ಆದ್ಮೇಲೆ, ಮಳೆ ಬಂದಿತ್ತು" ಅನ್ನುತ್ತಿದ್ದರು. ನಮ್ಮ ಮಕ್ಕಳದು ಜನನ ಪ್ರಮಾಣ ಪತ್ರದಲ್ಲಿದೆ. ಅದನ್ನು ತೆಗೆದು ತಾರೀಖು ಓದಿ. ನೋಟ್‌ಬುಕ್ಕಿನ ಹಾಳೆಯಲ್ಲಿ ಹೀಗೆ ಬರೆಯಿರಿ. ಖಾಲಿ ಜಾಗವನ್ನು ನೀವೇ ತುಂಬಿ.

ಪ್ರೀತಿಯ .............,
ನಮ್ಮ ಮಗು ............. ಹುಟ್ಟಿದ್ದು ............. ನೇ ತಾರೀಖು. ಈಗ ............. ವರ್ಷ ತುಂಬಿತು. ಭಾನುವಾರ ಸಂಜೆ 4 ಗಂಟೆಗೆ ನಮ್ಮ ಮನೆಗೆ ಆಡಲು ಬಾ. ಉಡುಗೊರೆ ತರಬೇಡ.
ಇಂತಿ, ............. ಅಮ್ಮ