ದೀಪಾವಳಿ ಕಳೆಯಲಿ, ಆಮೇಲೆ ಪಾಯ ತೆಗಿ

ತಮ್ಮಾ, ಜೆಸಿಬಿಯವನಿಗೆ ಮುಂಗಡ ಕೊಟ್ಟಾಯ್ತು, ಮೇ ತಿಂಗಳಲ್ಲಿ ಧರೆ ಕಡಿಸಿ ಪಾಯ ತೆಗೆಸ್ತೇನೆ ಅಂದೆಯಲ್ಲ, ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮುಂಗಡ ಹೋದರೆ ಹೋಗಲಿ, ಆ ಕೆಲಸ ದೀಪಾವಳಿ ಆಚೆಗೆ ಇಟ್ಟುಕೋ.

ನಮ್ಮ ನೆಲದ ಗುಣ ಕೇಳು. ಮೇಲೆ ಕೆಮ್ಮಣ್ಣು, ಅದರಡಿ ಜಂಬಿಟ್ಟಿಗೆ, ಅದಕ್ಕೂ ಕೆಳಗೆ ಬಹಳ ಕಡೆ ಶೇಡಿ ಮಣ್ಣು. ಜಂಬಿಟ್ಟಿಗೆ ಗಾಳಿ ಬಿಸಿಲು ತಾಗಿದಷ್ಟೂ ಗಟ್ಟಿಯಾಗುತ್ತದೆ. 1801ರಲ್ಲಿ ನಗರ, ಇಕ್ಕೇರಿ ಕಡೆ ಓಡಾಡಿದ ಫ್ರಾನ್ಸಿಸ್ ಬುಕಾನನ್ ಇಂಥ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಅಂತ ಅರ್ಥ. ಶೇಡಿಯದು ಬೇರೆಯೇ ಸ್ವಭಾವ. ಒಣಗಿದ್ದಾಗ ಬಿಗಿ, ನೀರು ಕುಡಿದರೆ ಬೆಣ್ಣೆ. ಮೇ ತಿಂಗಳಲ್ಲಿ ಗೋಡೆಯಂತೆ ನೆಟ್ಟಗೆ ಕಡಿದ ಧರೆ ನೋಡಲು ಭದ್ರವಾಗೇ ಇರುತ್ತದೆ. ಆರಿದ್ರಾ ಮಳೆ ಹಿಡಿದು ಬುಡದ ಶೇಡಿ ನೆನೆದಾಗ ಗೊತ್ತಾಗುವುದು.

ನನ್ನ ಕೊಟ್ಟಿಗೆ ಹೋದದ್ದು ಹಾಗೇ. ಮೃಗಶಿರ ಮಳೆಯೊಳಗೆ ಮುಗಿಸ್ತೇನೆ ಅಂತ ಹಟ ಹಿಡಿದು ಕಡಿಸಿದ್ದೆ. ಧರೆಯ ನೆತ್ತಿಯಲ್ಲಿ ಗರಿಕೆ ಕಡ್ಡಿ ತೂರುವಷ್ಟು ಬಿರುಕು ಕಂಡಿತು. ಕಾಲಲ್ಲೇ ಮಣ್ಣೆಳೆದು ಮುಚ್ಚಿದೆ. ಮಾರನೇ ದಿನ ಬುಡದಲ್ಲಿ ಒಸರುವ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಿತ್ತು. ನಿನ್ನ ದೊಡ್ಡಮ್ಮ ಅದನ್ನು ನೋಡಿದವಳೇ ದನ ಬಿಚ್ಚಿದಳು. ರಾತ್ರಿ ಧರೆ ಜಾರಿತು. ಒಸರು ತಿಳಿಯಾಗಿರುವವರೆಗೆ ಅಷ್ಟು ಹೆದರಿಕೆಯಿಲ್ಲ, ಬೆಳ್ಳಗಾಯಿತೋ ಒಳಗಿನ ಮಣ್ಣೇ ಕರಗಿ ಹೊರಡುತ್ತಿದೆ. ಆಗ ಒಂದು ಗಳಿಗೆಯೂ ಅಲ್ಲಿ ನಿಲ್ಲಬೇಡ.

ಕೆನಡಾದಲ್ಲಿರುವ ನಿನ್ನ ಅಕ್ಕ ಹೇಳುತ್ತಿದ್ದಳು, ಅಲ್ಲಿ ಚಳಿಗೆ ನೆಲವೇ ಹೆಪ್ಪುಗಟ್ಟುವುದರಿಂದ ಅಗೆತದ ಲೆಕ್ಕವನ್ನೆಲ್ಲ ಅದಕ್ಕೆ ಮೊದಲೇ ಹಾಕುತ್ತಾರಂತೆ. ನಮಗೆ ಲೆಕ್ಕ ಮಳೆಯದ್ದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ, ಹೊಸನಗರದ ಹುಲಿಕಲ್ಲೂ ಅದಕ್ಕೆ ಸರಿಸಾಟಿ. ಮಳೆ ಕಮ್ಮಿಯಿರುವ ಆನಂದಪುರದ ಕಡೆಯವರು ಮಾಡಿದ ಧೈರ್ಯ ನಾವು ಮಾಡುವಂತಿಲ್ಲ.

ದೀಪಾವಳಿ ಹೊತ್ತಿಗೆ ಮೇಲೆ ಒಣಗಿ ಒಳಗೆ ಪಸೆ ಇರುತ್ತದೆ, ಪಿಕಾಸಿ ಸಲೀಸಾಗಿ ಇಳಿಯುತ್ತದೆ. ಶಿವರಾತ್ರಿಗೆ ಅದೇ ಜಾಗದಲ್ಲಿ ಠಣ್ ಅನ್ನುತ್ತದೆ. ಬಾವಿಯಲ್ಲೂ ದೀಪಾವಳಿ ಹೊತ್ತಿಗೆ ನೀರಿರುತ್ತದೆ, ಕಟ್ಟಿದ ಪಾಯಕ್ಕೆ ಧಾರಾಳ ಹನಿಸಬಹುದು. ತೊಂದರೆ ಒಂದೇ, ಅಡಿಕೆ ಕೊನೆ ಕೊಯ್ಲೂ ಆಗಲೇ. ಆಳು ಸಿಗುವುದಿಲ್ಲ. ಹಾಗಾಗಿ ಚೌತಿ ಹೊತ್ತಿಗೇ ಮೇಸ್ತ್ರಿಯ ಹತ್ತಿರ ಮಾತಾಡಿಟ್ಟುಕೋ.

ಮತ್ತೆ, ಧರೆಗೆ ಕೈ ಹಚ್ಚುವ ಮೊದಲು ಅದರ ಮೇಲ್ಗಡೆ ಅಗಳು ತೆಗೆಸು, ಗುಡ್ಡದ ನೀರು ಬಳಸಿ ಹೋಗಲಿ. ನೆಟ್ಟಗೆ ಕಡಿಸದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸು, ಮೆಟ್ಟಿಲ ಮೇಲೆ ಲಾವಂಚ ನೆಡು. ಜಾಗ ನಾಲ್ಕಡಿ ಕಮ್ಮಿಯಾದರೆ ಆಗಲಿ, ಒಂದು ಕೋಣೆ ಸಣ್ಣದಾಗುತ್ತದೆ ಅಷ್ಟೇ. ಕಡಿದ ಮಣ್ಣನ್ನು ಕೆಳಗಿನ ಹಳ್ಳಕ್ಕೆ ತಳ್ಳಬೇಡ, ಮೊದಲ ಮಳೆಗೇ ಅದು ಪಕ್ಕದವರ ತೋಟದಲ್ಲಿ ಕೂರುತ್ತದೆ.

ಈ ಮಳೆಗಾಲ ಕೈಕಟ್ಟಿ ಕೂರುವುದೂ ಬೇಡ. ಪುನರ್ವಸು ಜೋರಾದಾಗ ಜಾಗದಲ್ಲಿ ನಿಂತು ನೋಡು, ನೀರು ಎಲ್ಲಿಂದ ಇಳಿಯುತ್ತದೆ, ಜಲ ಎಲ್ಲಿ ಏಳುತ್ತದೆ ಅಂತ. ಜಲ ಎದ್ದಲ್ಲೆಲ್ಲ ಗೂಟ ಹೊಡಿ. ಮನೆಯ ನಕ್ಷೆ ಆ ಗೂಟ ನೋಡಿಕೊಂಡು ಬರೆಸೋಣ. ಕಂಬಳಿ ಕೊಪ್ಪೆ ಹಾಕಿಕೊಂಡು ನಾನೂ ಬರ್ತೇನೆ.