ಕಾಲ್ಪನಿಕ ವೀರನ ರೇಖಾಚಿತ್ರಕ್ಕೆ ಗಣಕಯಂತ್ರದಲ್ಲಿ ಬಣ್ಣ ತುಂಬುವ ವಿಧಾನ

2025ರ ಮೇ 1ರಿಂದ 4ರವರೆಗೆ ಮುಂಬಯಿಯ ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿ 'ವೇವ್ಸ್' ಎಂಬ ಜಾಗತಿಕ ಶ್ರವ್ಯ-ದೃಶ್ಯ ಹಾಗೂ ಮನರಂಜನಾ ಶೃಂಗಸಭೆ ನಡೆಯಿತು. ಅದರ ಅಂಗವಾಗಿ ಏರ್ಪಡಿಸಲಾಗಿದ್ದ ಸ್ಪರ್ಧೆಗಳಲ್ಲಿ ಚಿತ್ರಕಥೆಗಳನ್ನು ರಚಿಸುವವರಿಗಾಗಿಯೇ ಒಂದು ಸ್ಪರ್ಧೆ ಮೀಸಲಾಗಿತ್ತು. ಚಿತ್ರ ಬಿಡಿಸುವುದು ಕೇವಲ ಬಿಡುವಿನ ಹವ್ಯಾಸವಲ್ಲ, ಜೀವನೋಪಾಯವೂ ಆಗಬಲ್ಲದು ಎಂಬ ಮಾತಿಗೆ ಇದರಿಂದ ಸಾರ್ವಜನಿಕ ಮನ್ನಣೆ ದೊರೆತಂತಾಯಿತು.

ಆ ಸಭಾ ಕೇಂದ್ರಕ್ಕೆ ಅನತಿ ದೂರದಲ್ಲಿ ಖೇರವಾಡಿಯಿದೆ. ಚಿತ್ರಕಾರರಿಗಾಗಿ ರೂಪುಗೊಂಡ ಕಲಾನಗರ ಬಡಾವಣೆಯೂ ಇದೆ. ಈ ಪರಿಸರದ ಒಂದು ಕೋಣೆಯ ಮನೆಯಲ್ಲಿ ಕುಳಿತು, ಶಾಲೆಯ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಖಡ್ಗಧಾರಿಯಾದ ವೀರನೊಬ್ಬನನ್ನು ಬಿಡಿಸುವ ಕನ್ನಡಿಗರ ಮಕ್ಕಳೂ ಇದ್ದಾರೆ. ಅವರಲ್ಲಿ ರೇಖೆಯ ಹಿಡಿತವಿರುತ್ತದೆ. ಆದರೆ ಗಣಕಯಂತ್ರದಲ್ಲಿ ಬಣ್ಣ ತುಂಬುವ ಕ್ರಮ ತಿಳಿದಿರುವುದಿಲ್ಲ. ದುಬಾರಿ ಶುಲ್ಕದ ತರಗತಿಗಳಿಗೆ ಸೇರಲು ಶಕ್ತಿಯೂ ಇರುವುದಿಲ್ಲ. ಅಂಥವರನ್ನೂ ಅವರ ಪೋಷಕರನ್ನೂ ಉದ್ದೇಶಿಸಿ ಈ ಪಾಠವನ್ನು ಸಿದ್ಧಪಡಿಸಲಾಗಿದೆ.

ಪದರಗಳ ಕಲ್ಪನೆ ಹೊಸತಲ್ಲ

ಗಣಕಯಂತ್ರದ ವರ್ಣಚಿತ್ರಕಲೆಯ ಮೂಲ ತತ್ತ್ವ ಒಂದೇ: ಚಿತ್ರವನ್ನು ಹಲವು ಪಾರದರ್ಶಕ ಹಾಳೆಗಳಾಗಿ ವಿಂಗಡಿಸಿ, ಒಂದರ ಮೇಲೊಂದನ್ನು ಇರಿಸುವುದು. ಇವುಗಳಿಗೆ 'ಲೇಯರ್' ಎಂಬ ಹೆಸರು ಬಳಕೆಯಲ್ಲಿದೆ. ನಾವು ಪದರ ಎನ್ನೋಣ. ಈ ಆಲೋಚನೆ ಮುಂಬಯಿಗೆ ಹಳೆಯದು. 1894ರಲ್ಲಿ ರಾಜಾ ರವಿವರ್ಮ ಇಲ್ಲಿ ಸ್ಥಾಪಿಸಿದ ಶಿಲಾಮುದ್ರಣಾಲಯದಲ್ಲಿ ಒಂದು ಚಿತ್ರದ ಪ್ರತಿಯೊಂದು ಬಣ್ಣಕ್ಕೂ ಪ್ರತ್ಯೇಕ ಕಲ್ಲನ್ನು ಸಿದ್ಧಪಡಿಸಬೇಕಾಗಿತ್ತು. ಕಲ್ಲುಗಳ ಅಚ್ಚು ಒಂದರ ಮೇಲೊಂದು ಬಿದ್ದಾಗ ಚಿತ್ರ ಪೂರ್ಣಗೊಳ್ಳುತ್ತಿತ್ತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಅಮರ ಚಿತ್ರಕಥಾ ಮಾಲಿಕೆಯ ಪುಟಗಳಲ್ಲಿಯೂ ಕಪ್ಪು ರೇಖೆ ಬೇರೆ, ಬಣ್ಣ ಬೇರೆ. ಕಲ್ಲು ಹೋಗಿ ಪರದೆ ಬಂದಿದೆ, ತತ್ತ್ವ ಬದಲಾಗಿಲ್ಲ.

ಬೇಕಾಗುವ ಸಾಮಗ್ರಿ

ಸಾಧಾರಣ ಗಣಕಯಂತ್ರ ಮತ್ತು ಚಿತ್ರ ತಂತ್ರಾಂಶ ಇಷ್ಟಿದ್ದರೆ ಆರಂಭಿಸಬಹುದು. 'ಕ್ರೀಟಾ' ಮತ್ತು 'ಗಿಂಪ್' ಎಂಬ ಎರಡು ತಂತ್ರಾಂಶಗಳನ್ನು ಯಾವ ಶುಲ್ಕವನ್ನೂ ತೆರದೆ, ನ್ಯಾಯಸಮ್ಮತವಾಗಿ ಪಡೆಯಬಹುದು. ಆದುದರಿಂದ ಬೆಲೆಬಾಳುವ ತಂತ್ರಾಂಶಗಳ ಕಳ್ಳಪ್ರತಿಯನ್ನು ಬಳಸುವ ಅಗತ್ಯವಿಲ್ಲ. ಲೇಖನಿಯ ಒತ್ತಡಕ್ಕೆ ಸ್ಪಂದಿಸುವ ಪೆನ್ ಟ್ಯಾಬ್ಲೆಟ್ ಇದ್ದರೆ ಅನುಕೂಲ. ಆದರೆ ಸಮತಟ್ಟಾದ ಬಣ್ಣ ತುಂಬುವವರೆಗಿನ ಕೆಲಸವನ್ನು ಮೌಸ್‌ನಿಂದಲೂ ಮಾಡಬಹುದು.

ವೀರನ ಆಯ್ಕೆ

ಅಭ್ಯಾಸಕ್ಕಾಗಿ ಪರದೇಶದ ಚಿತ್ರಗಳಲ್ಲಿನ ವೀರನನ್ನೇ ನಕಲು ಮಾಡಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949–50ರ ಕಾಲದ್ದು. ತಕ್ಕೋಲದ ಕದನದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರ, ಗಂಗರ ಬೂತುಗನಿಂದ ಬಹುಮಾನವಾಗಿ 'ಕಾಳಿ' ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಮಡಿದವು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೂ ಹಂದಿಯೂ ಕಲ್ಲಿನಲ್ಲಿವೆ, ಆದರೆ ಬಣ್ಣವಿಲ್ಲ. ವೀರನ ಅಂಗಿ, ನಾಯಿಯ ಮೈಬಣ್ಣ, ಕಾಡಿನ ಬೆಳಕು ಇವೆಲ್ಲವನ್ನೂ ಕಲ್ಪಿಸಿಕೊಳ್ಳುವ ಸ್ವಾತಂತ್ರ್ಯ ಕಲಾವಿದನದು. ಕಿರೀಟ, ಭುಜಕೀರ್ತಿ, ಎದೆಕಟ್ಟುಗಳಿಗೆ ಯಕ್ಷಗಾನದ ವೇಷಭೂಷಣವನ್ನು ಆಧಾರವಾಗಿ ಇಟ್ಟುಕೊಳ್ಳಬಹುದು. ಈ ಪಾಠದಲ್ಲಿ ನಾಯಿಯೊಡನೆ ನಿಂತ ಇಂಥ ಒಬ್ಬ ಕಾಲ್ಪನಿಕ ವೀರನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಮೊದಲ ಹಂತ: ರೇಖೆಯನ್ನು ಶುದ್ಧಗೊಳಿಸುವುದು

ಚಿತ್ರವನ್ನು ಕಪ್ಪು ಶಾಯಿಯಲ್ಲಿ ತಿದ್ದಿ, ಸ್ಕ್ಯಾನರ್‌ನಲ್ಲಿ ಪ್ರತಿ ಅಂಗುಲಕ್ಕೆ ಕನಿಷ್ಠ 300 ಬಿಂದುಗಳ ಸಾಂದ್ರತೆಯಲ್ಲಿ ಗ್ರಹಿಸಬೇಕು. ಎ4 ಅಳತೆಯ ಹಾಳೆ ಆಗ 2480 ಅಡ್ಡ ಬಿಂದುಗಳೂ 3508 ಉದ್ದ ಬಿಂದುಗಳೂ ಉಳ್ಳ ಚಿತ್ರವಾಗುತ್ತದೆ. ಇದು ಸುಮಾರು 87 ಲಕ್ಷ ಬಿಂದುಗಳು. ಪ್ರತಿ ಬಿಂದುವಿಗೆ 4 ಬೈಟ್‌ಗಳಂತೆ ಪೂರ್ಣವಾಗಿ ತುಂಬಿದ ಒಂದು ಪದರಕ್ಕೆ ಸುಮಾರು 35 ಮೆಗಾಬೈಟ್ ಸ್ಮೃತಿ ಬೇಕಾಗುವುದರಿಂದ, ಹಳೆಯ ಯಂತ್ರವುಳ್ಳವರು ಪದರಗಳ ಸಂಖ್ಯೆಯನ್ನು ಮಿತವಾಗಿ ಇರಿಸಿಕೊಳ್ಳುವುದು ಲೇಸು. ಸ್ಕ್ಯಾನರ್ ಇಲ್ಲದವರು ಹಾಳೆಯನ್ನು ಬಿಸಿಲಿಲ್ಲದ ಬಯಲು ಬೆಳಕಿನಲ್ಲಿ ಹರಡಿ, ಮೊಬೈಲನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದು ಛಾಯಾಚಿತ್ರ ತೆಗೆಯಬಹುದು.

ಹಾಳೆಯ ಬೂದು ಛಾಯೆ ಅಚ್ಚ ಬಿಳಿಯಾಗುವಂತೆಯೂ ರೇಖೆ ಅಚ್ಚ ಕಪ್ಪಾಗುವಂತೆಯೂ 'ಲೆವೆಲ್ಸ್' ಸೌಲಭ್ಯದಿಂದ ಹೊಂದಿಸಬೇಕು. ಅನಂತರ ಈ ರೇಖಾ ಪದರವನ್ನು ಎಲ್ಲಕ್ಕಿಂತ ಮೇಲಿರಿಸಿ, ಅದರ ಮಿಶ್ರಣ ಕ್ರಮವನ್ನು 'ಮಲ್ಟಿಪ್ಲೈ' ಎಂದು ಬದಲಿಸಬೇಕು. ಇದರ ಅರ್ಥ ಗುಣಾಕಾರ. ಬಿಳಿಯನ್ನು 1 ಎಂದೂ ಕಪ್ಪನ್ನು 0 ಎಂದೂ ಭಾವಿಸಿದರೆ, ಕೆಳಗಿನ ಬಣ್ಣವನ್ನು 1ರಿಂದ ಗುಣಿಸಿದಾಗ ಅದು ಹಾಗೆಯೇ ಉಳಿಯುತ್ತದೆ. 0ಯಿಂದ ಗುಣಿಸಿದಾಗ ಕಪ್ಪಾಗುತ್ತದೆ. ಹೀಗಾಗಿ ಹಾಳೆಯ ಬಿಳಿ ಮಾಯವಾಗಿ ರೇಖೆ ಮಾತ್ರ ಕಾಣುತ್ತದೆ.

ಎರಡನೆಯ ಹಂತ: ಸಮತಟ್ಟಾದ ಬಣ್ಣ

ರೇಖೆಯ ಕೆಳಗೆ ಹೊಸ ಪದರವನ್ನು ತೆರೆದು ಮೈ, ಕೂದಲು, ವಸ್ತ್ರ, ಲೋಹ, ಚರ್ಮದ ಪಟ್ಟಿ, ನಾಯಿ ಮತ್ತು ಹಿನ್ನೆಲೆ ಈ ಭಾಗಗಳಿಗೆ ನೆರಳು ಬೆಳಕುಗಳಿಲ್ಲದ ಒಂದೊಂದೇ ಬಣ್ಣವನ್ನು ತುಂಬಬೇಕು. ರೇಖೆಯಲ್ಲಿ ಸಣ್ಣ ಬಿರುಕಿದ್ದರೂ ಬಣ್ಣ ಹೊರಗೆ ಹರಿದುಹೋಗುತ್ತದೆ. ಮೊದಲು ಬಿರುಕುಗಳನ್ನು ಮುಚ್ಚಬೇಕು. ಬಣ್ಣದ ಅಂಚು ರೇಖೆಯ ಅಡಿಗೆ ಒಂದೆರಡು ಬಿಂದುಗಳಷ್ಟು ಚಾಚಿಕೊಂಡಿದ್ದರೆ ನಡುವೆ ಬಿಳಿಯ ಎಳೆ ಉಳಿಯುವುದಿಲ್ಲ.

ಪರದೆಯಲ್ಲಿ ಕೆಂಪು, ಹಸಿರು, ನೀಲಿ ಬೆಳಕುಗಳಿಗೆ ತಲಾ 256 ಮಟ್ಟಗಳಿರುವುದರಿಂದ ಒಟ್ಟು 1,67,77,216 ವರ್ಣಗಳು ಸಾಧ್ಯ. ಅಷ್ಟೂ ಇರುವುದು ಬಳಸಲಿಕ್ಕೆಂದು ತಿಳಿಯುವುದೇ ಹೊಸಬರು ಮಾಡುವ ಮೊದಲ ತಪ್ಪು. ಯಕ್ಷಗಾನದ ಬಣ್ಣದ ವೇಷವನ್ನು ನೆನೆಯಿರಿ: ಕೆಂಪು, ಕಪ್ಪು, ಹಳದಿ, ಬಿಳಿ, ಇಷ್ಟೇ ಬಣ್ಣಗಳಿಂದ ಆ ಮುಖ ರಂಗಸ್ಥಳವನ್ನು ಆಳುತ್ತದೆ. ನಮ್ಮ ವೀರನಿಗೂ ಒಂದು ಪ್ರಧಾನ ವರ್ಣ, ಒಂದು ಪೋಷಕ ವರ್ಣ, ಸ್ವಲ್ಪವೇ ಬಳಸುವ ಒಂದು ವಿರುದ್ಧ ವರ್ಣ ಸಾಕು. ಅಂಗಿ ಕಾವಿಗೆಂಪು, ಚರ್ಮ ಕಂದು, ಕತ್ತಿಯ ಹಿಡಿಯಲ್ಲಿ ಮಾತ್ರ ನೀಲಿ ಕಲ್ಲು: ಹೀಗೆ ಮೊದಲೇ ನಿರ್ಧರಿಸಿಕೊಳ್ಳಬೇಕು.

ಮೂರನೆಯ ಹಂತ: ಬೆಳಕು ಮತ್ತು ನೆರಳು

ಬಣ್ಣ ತುಂಬುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ: ಬೆಳಕು ಎಲ್ಲಿಂದ ಬರುತ್ತಿದೆ? ಬಾಂದ್ರಾದ ನಿವಾಸಿಗಳಿಗೆ ಇದರ ಉತ್ತರವನ್ನು ಕಣ್ಣಾರೆ ಕಾಣುವ ಸೌಕರ್ಯವಿದೆ. ಪೋರ್ಚುಗೀಸರು 1640ರಲ್ಲಿ ಕಟ್ಟಿದ ಬಾಂದ್ರಾ ಕೋಟೆಯ ಬಳಿ ಸಂಜೆ ನಿಂತರೆ ಸೂರ್ಯ ಸಮುದ್ರದ ಕಡೆ ಇಳಿಯುತ್ತಾನೆ. ಆಗ ಕೋಟೆಯ ಕಲ್ಲುಗಳ ಪಶ್ಚಿಮದ ಮುಖ ಕಿತ್ತಳೆಗೆ ತಿರುಗುತ್ತದೆ. ನೆರಳಿನ ಮುಖ ಮಾತ್ರ ಕಪ್ಪಾಗುವುದಿಲ್ಲ. ಆಕಾಶದ ಬೆಳಕು ಅದರ ಮೇಲೆ ಬೀಳುವುದರಿಂದ ನೀಲಿಯ ಕಡೆಗೆ ವಾಲುತ್ತದೆ. ಬೆಳಕು ಬೆಚ್ಚಗಿದ್ದರೆ ನೆರಳು ತಣ್ಣಗೆ ಎಂಬ ಪಾಠವನ್ನು ಇಲ್ಲಿ ಶುಲ್ಕವಿಲ್ಲದೆ ಕಲಿಯಬಹುದು.

ಆದುದರಿಂದ ನೆರಳಿಗೆ ಕಪ್ಪು ಬಣ್ಣವನ್ನು ಬಳಸಕೂಡದು. ಸಮತಟ್ಟಾದ ಬಣ್ಣದ ಮೇಲೆ ಹೊಸ ಪದರವನ್ನು ತೆರೆದು, ಅದನ್ನೂ ಗುಣಾಕಾರ ಕ್ರಮಕ್ಕೆ ಹೊಂದಿಸಿ, ಮಸುಕಾದ ನೇರಳೆ ನೀಲಿಯಿಂದ ನೆರಳಿನ ಆಕಾರಗಳನ್ನು ಬಿಡಿಸಬೇಕು. ಈ ಪದರವನ್ನು ಕೆಳಗಿನ ಪದರದ ಆಕಾರಕ್ಕೆ ಬಂಧಿಸಿಟ್ಟರೆ ನೆರಳು ಗೆರೆಯಾಚೆ ಹರಡುವುದಿಲ್ಲ. ವೀರನ ಗದ್ದದ ಅಡಿ, ಗುರಾಣಿಯ ಹಿಂಭಾಗ, ನಾಯಿಯ ಹೊಟ್ಟೆ ಇವು ನೆರಳಿನ ಮೊದಲ ಸ್ಥಾನಗಳು.

ವಸ್ತುಗಳ ಗುಣವನ್ನು ತೋರಿಸುವುದು ಹೊಳಪು. ಲೋಹ ತನ್ನ ಸುತ್ತಲಿನ ದೃಶ್ಯವನ್ನು ಪ್ರತಿಫಲಿಸುತ್ತದೆ. ಕತ್ತಿಯ ಅಲಗಿನ ಮೇಲೆ ಬಹಳ ಬಿಳಿಯೂ ಬಹಳ ಕಪ್ಪೂ ಒತ್ತೊತ್ತಾಗಿ ನಿಲ್ಲುವುದು ಇದೇ ಕಾರಣದಿಂದ. ಚರ್ಮದ ಹೊಳಪು ಅಗಲವಾಗಿ, ಮೃದುವಾಗಿ ಹರಡುತ್ತದೆ. ಹತ್ತಿಯ ಬಟ್ಟೆಗೆ ಹೊಳಪೇ ಇಲ್ಲವೆನ್ನಬಹುದು. ಎಲ್ಲಕ್ಕೂ ಒಂದೇ ಬಗೆಯ ಬಿಳಿ ಚುಕ್ಕೆ ಇಟ್ಟರೆ ವೀರನ ಮೈಯೂ ಕವಚವೂ ಪ್ಲಾಸ್ಟಿಕ್ಕಿನಂತೆ ಕಾಣುತ್ತವೆ.

ನಾಲ್ಕನೆಯ ಹಂತ: ಪರೀಕ್ಷೆ

ಎಲ್ಲ ಪದರಗಳ ಮೇಲೆ ಬೂದು ಬಣ್ಣದ ಒಂದು ಪದರವನ್ನಿರಿಸಿ, ಅದರ ಮಿಶ್ರಣ ಕ್ರಮವನ್ನು 'ಕಲರ್' ಎಂದು ಬದಲಿಸಿದರೆ ಚಿತ್ರ ತಾತ್ಕಾಲಿಕವಾಗಿ ಕಪ್ಪು-ಬಿಳುಪಾಗಿ ಕಾಣುತ್ತದೆ. ಈ ಸ್ಥಿತಿಯಲ್ಲಿಯೂ ವೀರ ಹಿನ್ನೆಲೆಯಿಂದ ಬೇರ್ಪಟ್ಟು ನಿಲ್ಲಬೇಕು. ನೋಟ ಮೊದಲು ಅವನ ಮುಖದ ಕಡೆಗೆ, ಅನಂತರ ನಾಯಿಯ ಕಡೆಗೆ ಹೋಗಬೇಕು. ಹಾಗಾಗದಿದ್ದರೆ ದೋಷವಿರುವುದು ಬಣ್ಣದಲ್ಲಲ್ಲ, ಬೆಳಕು ಕತ್ತಲೆಗಳ ಹಂಚಿಕೆಯಲ್ಲಿ. ಹಿನ್ನೆಲೆಯ ಬಣ್ಣಗಳ ತೀಕ್ಷ್ಣತೆಯನ್ನು ತಗ್ಗಿಸುವುದು ಸಾಮಾನ್ಯವಾದ ಪರಿಹಾರ.

ಮುದ್ರಣಕ್ಕೆ ಕಳುಹಿಸುವಾಗ

ಪರದೆ ಬೆಳಕನ್ನು ಕೂಡಿಸಿ ಬಣ್ಣವನ್ನು ತೋರಿಸುತ್ತದೆ. ಮುದ್ರಣ ಶಾಯಿ ಬೆಳಕನ್ನು ಹೀರಿ ತೋರಿಸುತ್ತದೆ. ಪರದೆಯ ಮೇಲಿನ ಕಡುಹೊಳಪಿನ ನೀಲಿ ಮತ್ತು ಹಸಿರು ಹಲವು ವೇಳೆ ಕಾಗದದ ಮೇಲೆ ಬರುವುದೇ ಇಲ್ಲ. ಪ್ರಸ್ತುತ ಲೇಖಕ ಅನುವಾದಿಸಿದ್ದ ಮಕ್ಕಳ ಪುಸ್ತಕವೊಂದರ ಮುಖಪುಟದಲ್ಲಿ ಹೀಗೆಯೇ ಆಯಿತು. ತರುಣ ಕಲಾವಿದನೊಬ್ಬ ಹಲವು ರಾತ್ರಿ ಕುಳಿತು ರಚಿಸಿದ ನೀಲಿ ಕವಚ ಅಚ್ಚಿನಲ್ಲಿ ಬೂದಿಯ ಬಣ್ಣ ತಾಳಿತು. ತಿದ್ದೋಣವೆಂದರೆ ಆತ ಎಲ್ಲ ಪದರಗಳನ್ನೂ ಒಂದಾಗಿಸಿ ಉಳಿಸಿದ್ದ. ಮೂಲ ಕಡತ ಇರಲಿಲ್ಲ. ಇಡೀ ಚಿತ್ರಕ್ಕೆ ಮತ್ತೆ ಬಣ್ಣ ತುಂಬಬೇಕಾಯಿತು. ಎರಡನೆಯ ಸಲದ ದುಡಿಮೆಗೆ ಸಂಭಾವನೆ ದೊರೆಯಲಿಲ್ಲ.

ಇದರಿಂದ ಕಲಿಯಬೇಕಾದುದು ಮೂರು ಅಂಶ. ಒಂದು, ಮುದ್ರಣಕ್ಕೆಂದು ಮಾಡುವ ಚಿತ್ರವನ್ನು ನಾಲ್ಕು ಶಾಯಿಗಳ ಕ್ರಮದಲ್ಲಿ ಮುಂಚಿತವಾಗಿಯೇ ಪರೀಕ್ಷಿಸಬೇಕು. ಎರಡು, ಪದರಗಳುಳ್ಳ ಮೂಲ ಕಡತವನ್ನು ಎರಡು ಕಡೆ ಕಾಪಾಡಿ, ಹೊರಗೆ ಕೊಡಲು ಬೇರೆ ಪ್ರತಿಯನ್ನು ಸಿದ್ಧಪಡಿಸಬೇಕು. ಮೂರು, ತಿದ್ದುಪಡಿಗೆ ಎಷ್ಟು ಸಂಭಾವನೆ ಎಂಬುದನ್ನು ಕೆಲಸಕ್ಕೆ ಮುನ್ನವೇ ಬರೆದುಕೊಳ್ಳಬೇಕು.

ಕಲಾವಿದನ ಹಕ್ಕು

1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಚಿತ್ರ ರಚನೆಯಾದ ಕೂಡಲೇ ಹಕ್ಕು ಹುಟ್ಟುತ್ತದೆ; ನೋಂದಣಿ ಕಡ್ಡಾಯವಲ್ಲ. ಸಾಮಾನ್ಯವಾಗಿ ಈ ಹಕ್ಕು ಕಲಾವಿದನ ಜೀವಿತಾವಧಿ ಹಾಗೂ ತದನಂತರದ 60 ವರ್ಷಗಳವರೆಗೆ ಉಳಿಯುತ್ತದೆ. ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸುವುದಿದ್ದರೆ ಅದು ಲಿಖಿತವಾಗಿರಬೇಕು. ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ ಎಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದೂ ಭಾವಿಸಲಾಗುತ್ತದೆ. ಸಂಬಳದ ನೌಕರಿಯ ಭಾಗವಾಗಿ ಮಾಡಿದ ಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದಾತನಿಗೆ ಸೇರುತ್ತದೆ. ಹಾಗೆಯೇ ಬೇರೊಬ್ಬರ ರೇಖಾಚಿತ್ರಕ್ಕೆ ಬಣ್ಣ ತುಂಬಿ ಪ್ರಕಟಿಸಬೇಕಾದರೆ ಅವರ ಅನುಮತಿ ಅಗತ್ಯ.

ಬರಿಯ ಮಾತುಗಳನ್ನು ಕೊಟ್ಟರೆ ಕ್ಷಣದಲ್ಲಿ ಚಿತ್ರವನ್ನು ಕೊಡುವ ಯಂತ್ರಗಳೂ ಈಗ ಬಂದಿವೆ. ಇದನ್ನು ಕಂಡು 'ಇನ್ನು ಕಲಿಯುವುದೇಕೆ' ಎಂದು ಕೇಳುವ ಪೋಷಕರಿದ್ದಾರೆ. ಅವರ ಆತಂಕ ಸಹಜ. ಆದರೆ ಕೊಟ್ಟ ಚಿತ್ರದಲ್ಲಿ ನೆರಳು ತಪ್ಪಿದೆ ಎಂದು ಗುರುತಿಸಲು, ತಿದ್ದಲು ಕಲಿತ ಕಣ್ಣೇ ಬೇಕು. ಇದಲ್ಲದೆ, ಪೆನ್ಸಿಲಿನ ಕರಡು ಮತ್ತು ಪದರಗಳುಳ್ಳ ಕಡತ ತನ್ನ ದುಡಿಮೆಗೆ ಕಲಾವಿದ ಒದಗಿಸಬಲ್ಲ ಸಾಕ್ಷ್ಯ.

ಅಭ್ಯಾಸ ಕ್ರಮ

ಮೊದಲ ವಾರ ರೇಖೆಯ ಶುದ್ಧೀಕರಣ ಮತ್ತು ಸಮತಟ್ಟಾದ ಬಣ್ಣ. ಎರಡನೆಯ ವಾರ ಒಂದೇ ಚಿತ್ರಕ್ಕೆ ಬೆಳಗು, ಸಂಜೆ, ಪಂಜಿನ ಬೆಳಕು ಎಂಬ ಮೂರು ಬಗೆಯ ನೆರಳು. ಮೂರನೆಯ ವಾರ ಲೋಹ, ಚರ್ಮ, ಬಟ್ಟೆಗಳ ಪ್ರತ್ಯೇಕ ಅಭ್ಯಾಸ. ನಾಲ್ಕನೆಯ ವಾರ ಇಡೀ ಚಿತ್ರ ಮತ್ತು ಒಂದು ಮುದ್ರಿತ ಪ್ರತಿ. ದಿನಕ್ಕೆ ಒಂದು ಗಂಟೆಯ ನಿಯತ ಅಭ್ಯಾಸ, ಭಾನುವಾರದ ಎಂಟು ಗಂಟೆಗಳ ಶ್ರಮಕ್ಕಿಂತ ಹೆಚ್ಚು ಫಲದಾಯಕ.

ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಮುಂಬಯಿಗೆ ಬಂದು ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಕೆ.ಕೆ. ಹೆಬ್ಬಾರರು ದೇಶದ ಹಿರಿಯ ಚಿತ್ರಕಾರರಲ್ಲಿ ಒಬ್ಬರಾದರು. ಊರಿನಿಂದ ತಂದ ಕಣ್ಣನ್ನು ಅವರು ನಗರದಲ್ಲಿ ಕಳೆದುಕೊಳ್ಳಲಿಲ್ಲ. ಇಂದು ಉಪಕರಣ ಬೇರೆಯಾದರೂ ಕಲಿಯುವವನ ಮುಂದಿರುವ ಕೆಲಸ ಅದೇ. ಸಾವಿರ ವರ್ಷಗಳ ಹಿಂದೆ ಆತಕೂರಿನ ಶಿಲ್ಪಿಯೊಬ್ಬ ಒಂದು ನಾಯಿಯ ಶೌರ್ಯವನ್ನು ಕಲ್ಲಿನಲ್ಲಿ ಉಳಿಸಿದ. ಬಾಂದ್ರಾದ ಒಂದು ಕೋಣೆಯ ಮನೆಯಲ್ಲಿ ಕುಳಿತ ಬಾಲಕ ಅಥವಾ ಬಾಲಕಿ ಅದಕ್ಕೆ ಬಣ್ಣ ಕೊಡಬಹುದು. ಮನೆಯ ಹಿರಿಯರು ದಿನಕ್ಕೆ ಒಂದು ಗಂಟೆ ಗಣಕಯಂತ್ರವನ್ನು ಅವರಿಗೆ ಬಿಟ್ಟುಕೊಟ್ಟರೆ, ಕಲಿಕೆಗೆ ಬೇಕಾದ ಮೊದಲ ನೆರವು ದೊರೆತಂತೆಯೇ.